ಹೊನ್ನಾವರ, ಗೋಕರ್ಣ, ಮಲ್ಪೆ: ಮೂರು ದಿನದ ಪ್ರವಾಸಕ್ಕೆ ಎಲ್ಲಿ ಉಳಿಯಬೇಕು?

ಎರಡು ವರ್ಷಗಳಲ್ಲಿ ಅಮ್ಮನ ಜೊತೆ ಮೂರು ಬಾರಿ ಕರಾವಳಿಗೆ ಹೋಗಿ, ಮೊದಲು ಮಲ್ಪೆಯಲ್ಲಿ, ಆಮೇಲೆ ಗೋಕರ್ಣದಲ್ಲಿ, ಕೊನೆಗೆ ಹೊನ್ನಾವರದಲ್ಲಿ ಉಳಿದು ಬಂದಿದ್ದೇನೆ. ನನ್ನ ಆಯ್ಕೆ ಹೊನ್ನಾವರವೇ. ಏಕೆಂದು ಹೇಳಲು ಮಲ್ಪೆಯಲ್ಲಿ ಆದ ನಷ್ಟದಿಂದಲೇ ಆರಂಭಿಸಬೇಕು.

ಮಲ್ಪೆಗೆ ಹೋದದ್ದು ಆಗಸ್ಟ್ ತಿಂಗಳಲ್ಲಿ, ಸೇಂಟ್ ಮೇರೀಸ್ ದ್ವೀಪ ನೋಡಬೇಕೆಂಬ ಒಂದೇ ಆಸೆಯಿಂದ. ಬಿಸಿಲು ಬಿದ್ದರೆ ದೋಣಿ ಹೊರಡುತ್ತದೆ ಎಂದು ವಸತಿಗೃಹದವರು ಫೋನಿನಲ್ಲಿ ಹೇಳಿದ್ದನ್ನು ನಂಬಿ, ಎರಡು ರಾತ್ರಿಯ ಬಾಡಿಗೆ 3,600 ರೂಪಾಯಿಯನ್ನು ಮುಂಗಡವಾಗಿ ಕಟ್ಟಿದ್ದೆ. ಮರುದಿನ ಬಿಸಿಲೇನೋ ಬಿತ್ತು, ಆದರೆ ಟಿಕೆಟ್ ಕಿಟಕಿ ಮುಚ್ಚಿತ್ತು. ಪ್ರವಾಸಿ ದೋಣಿಗಳು ಟಾರ್ಪಾಲು ಹೊದ್ದು ದಡದಲ್ಲಿದ್ದವು. ಮಳೆಗಾಲದಲ್ಲಿ ಈ ಸೇವೆಯನ್ನೇ ನಿಲ್ಲಿಸುತ್ತಾರೆಂದು ಅಲ್ಲಿಯೇ ತಿಳಿದದ್ದು. ಮುಂಗಡ ಹಣ ಹಿಂದಿರುಗಲಿಲ್ಲ.

ಇದರಲ್ಲಿ ಮೋಸಹೋಗುವುದು ಸುಲಭ. ಯಾಂತ್ರಿಕ ಮೀನುಗಾರಿಕೆಯ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಮಾತ್ರ ಇರುವುದರಿಂದ, ಆಗಸ್ಟ್‌ನಲ್ಲಿ ಬಂದರಿನಿಂದ ಮೀನುಗಾರರ ಬೋಟುಗಳು ಹೊರಡುವುದನ್ನು ಕಂಡವರು ಪ್ರವಾಸಿ ದೋಣಿಯೂ ಹೊರಟೀತು ಎಂದುಕೊಳ್ಳುತ್ತಾರೆ. ಆದರೆ ದ್ವೀಪದ ಸುತ್ತ ಬಂಡೆಗಳಿವೆ, ನೀರು ಆಳವಿಲ್ಲ. ನೈಋತ್ಯ ಮಾರುತದ ಅಲೆಗಳ ನಡುವೆ ಅಲ್ಲಿ ಜನರನ್ನು ಇಳಿಸುವುದು ಅಪಾಯ. ಬಿಸಿಲಿಗೂ ಅಲೆಗೂ ಸಂಬಂಧವಿಲ್ಲ ಎಂಬುದನ್ನು ಘಟ್ಟದ ಮೇಲಿನ ನಮ್ಮಂಥವರು ಮೊದಲೇ ತಿಳಿದುಕೊಂಡಿರಬೇಕು.

ಜನವರಿಯಲ್ಲಿ ನಾನೊಬ್ಬನೇ ಹೋಗಿ ದ್ವೀಪ ನೋಡಿ ಬಂದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣಿದು ಸೀಳಿ ಆದ ಕಲ್ಲುಕಂಬಗಳು ಅಲ್ಲಿವೆ. ಐದಾರು ಮುಖಗಳ ಆ ಕಲ್ಲಿನ ಅಂಚಿನ ಮೇಲೆ ಬೆರಳಾಡಿಸಿದರೆ ಬಡಗಿ ಕೆತ್ತಿದ ತೊಲೆಯಷ್ಟು ನೇರವಾಗಿರುತ್ತದೆ. ಕಾಲಡಿಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. ಚಳಿಗಾಲದಲ್ಲಿ ಹೋಗುವವರು ಇದನ್ನು ತಪ್ಪಿಸಬಾರದು.

ಗೋಕರ್ಣದ ಕಿನಾರೆಗಳು ನೋಟಕ್ಕೆ ಮೂರರಲ್ಲಿಯೂ ಮಿಗಿಲು. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಕಿನಾರೆಗಳ ನಡುವೆ ಗುಡ್ಡಗಳು ಕಡಲಿಗೆ ಚಾಚಿರುವುದರಿಂದ ಒಂದೊಂದೂ ಪ್ರತ್ಯೇಕ ಕೊಲ್ಲಿಯಂತಿದೆ. ಮಂಡಿನೋವಿರುವ ಅಮ್ಮನಿಗೆ ಆ ಗುಡ್ಡಗಳೇ ತೊಡಕಾದವು. ಮಹಾಬಲೇಶ್ವರನ ದರ್ಶನವಾದ ಮೇಲೆ ಅವರು ಕೋಣೆಯಲ್ಲಿಯೇ ಉಳಿದರು.

ಹೊನ್ನಾವರಕ್ಕೆ ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಬೈಂದೂರು ದಾಟಿದ ಮೇಲೆ ಘಟ್ಟ ಕಡಲಿನ ಹತ್ತಿರಕ್ಕೆ ಸರಿಯುತ್ತದೆ. ಆದ್ದರಿಂದ ಇಲ್ಲಿ ಕಡಲು, ನದಿ, ಜಲಪಾತ ಮೂರೂ ಕೈಗೆಟಕುವಷ್ಟು ಸಮೀಪದಲ್ಲಿವೆ. ಜೋಗದಲ್ಲಿ 253 ಮೀಟರ್ ಧುಮುಕಿದ ಶರಾವತಿ ಇಲ್ಲಿ ಸದ್ದಿಲ್ಲದೆ ಕಡಲು ಸೇರುತ್ತದೆ. ಅದರ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆಯನ್ನು ದಾಟುವಾಗ ಅಮ್ಮ ಕಿಟಕಿ ಬಿಟ್ಟು ಕದಲಲಿಲ್ಲ. ಕಾಂಡ್ಲಾ ಕಾಡಿನೊಳಗಿನ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ಮರದ ಹಾದಿ ಸಮತಟ್ಟಾಗಿದ್ದುದರಿಂದ ಅವರು ಕೋಲಿನ ಆಸರೆಯಲ್ಲಿ ನಿಧಾನವಾಗಿ ಕೊನೆಯವರೆಗೂ ನಡೆದರು. ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದ ಉಸಿರು ಬೇರುಗಳ ನಡುವೆ ಏಡಿಗಳು ಓಡಾಡುವುದನ್ನು ನೋಡುತ್ತ ಅರ್ಧ ಗಂಟೆ ನಿಂತರು. ಅಪ್ಸರಕೊಂಡದಲ್ಲಿ ನಾನು ಜಲಪಾತಕ್ಕೆ ಇಳಿದಾಗ ಅವರು ಮೇಲಿನ ಉದ್ಯಾನದಲ್ಲಿ ಕಡಲು ನೋಡುತ್ತ ಕುಳಿತಿದ್ದರು. ಸ್ವಚ್ಛ, ಸುರಕ್ಷಿತ ಕಿನಾರೆಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆಯಾದ ಬ್ಲೂ ಫ್ಲಾಗ್ ಅನ್ನು 2020ರಲ್ಲಿ ಪಡೆದ ಇಲ್ಲಿನ ಕಾಸರಕೋಡು ಕಿನಾರೆ ಸ್ವಚ್ಛವಾಗಿದೆ. ಮುರುಡೇಶ್ವರಕ್ಕೆ ಬಸ್ಸಿದೆ.

ಊಟಕ್ಕೆ ಮಲ್ಪೆಯ ಪಕ್ಕದ ಉಡುಪಿಯನ್ನು ಮೀರಿಸುವ ಊರು ಈ ಸಾಲಿನಲ್ಲಿಲ್ಲ. ಸೆಖೆ ಮೂರೂ ಕಡೆ ಒಂದೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಿರಿಯರನ್ನು ಕರೆದೊಯ್ಯಬೇಡಿ.

ನಾವು ಸ್ವಂತ ಕಾರಿಲ್ಲದೆ, ರೈಲು ಬಸ್ಸುಗಳಲ್ಲಿ, ಒಂಬತ್ತು ಸಾವಿರ ರೂಪಾಯಿಯೊಳಗೆ ಮೂರು ದಿನ ಸುತ್ತುವವರು. ನಡೆಯಬಲ್ಲ ಗೆಳೆಯರ ಗುಂಪಾದರೆ ಗೋಕರ್ಣಕ್ಕೇ ಹೋಗಲಿ. ನಮಗೆ ಮಾತ್ರ ದೋಣಿ ನಿಂತರೂ ದಿನ ಹಾಳಾಗದ ಊರು ಬೇಕು. ಮುಂದಿನ ನವೆಂಬರ್‌ಗೂ ಹೊನ್ನಾವರಕ್ಕೇ ರೈಲು ಟಿಕೆಟ್ ತೆಗೆದಿದ್ದೇನೆ.