ಪೆನ್ಸಿಲ್ವೇನಿಯಾದ ಕಾಡಿಗೆ 300 ಡಾಲರಿನ ಸ್ಕೋಪ್: ಲೂಪೋಲ್ಡ್ ವಿಎಕ್ಸ್-ಫ್ರೀಡಮ್ 3-9×40

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿಂತು ನೋಡಿದರೆ 100 ಡಾಲರಿನ ಸ್ಕೋಪೂ (ಕೋವಿಯ ಮೇಲೆ ಕೂರಿಸುವ ದುರ್ಬೀನು) ಚೆಂದ, 1000 ಡಾಲರಿನದೂ ಚೆಂದ. ವ್ಯತ್ಯಾಸ ಗೊತ್ತಾಗುವುದು ನವೆಂಬರ್ ಕೊನೆಯ ಮುಚ್ಚಂಜೆಯಲ್ಲಿ, ಹೆಮ್ಲಾಕ್ ಮರಗಳ ನೆರಳಿನಲ್ಲಿ, ಕಂದು ತರಗೆಲೆಯ ಮೇಲೆ ಕಂದು ಜಿಂಕೆ ಬಂದು ನಿಂತಾಗ. ಪೆನ್ಸಿಲ್ವೇನಿಯಾದ ರೈಫಲ್ ಸೀಸನ್ 2019ರಿಂದ ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಶನಿವಾರ ಶುರುವಾಗುತ್ತದೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿ ಅರ್ಧ ಗಂಟೆ ಆಗುವವರೆಗೆ ಗುಂಡು ಹಾರಿಸಬಹುದು. ಬಿಳಿಬಾಲದ ಜಿಂಕೆ ಹೆಚ್ಚು ಓಡಾಡುವುದೂ ಆ ಎರಡು ಅರ್ಧ ಗಂಟೆಗಳ ಆಸುಪಾಸಿನಲ್ಲೇ. ಸ್ಕೋಪಿಗೆ ದುಡ್ಡು ಕೊಡುವುದು ಆ ಹೊತ್ತಿಗಾಗಿ.

.308 ಅಥವಾ .30-06 ತೋಟಾದ ಬೋಲ್ಟ್ ಕೋವಿಗೆ (ಕೈಯಿಂದ ಅಗುಳಿ ಎಳೆದು ತೋಟಾ ತುಂಬುವ ಕೋವಿ) 300 ಡಾಲರ್ ಆಸುಪಾಸಿನಲ್ಲಿ ಹುಡುಕುವವರ ಮುಂದೆ ಬಂದು ನಿಲ್ಲುವ ಹೆಸರುಗಳು ಎರಡು: ಲೂಪೋಲ್ಡ್ ವಿಎಕ್ಸ್-ಫ್ರೀಡಮ್ 3-9×40, ಅದಕ್ಕಿಂತ ಸ್ವಲ್ಪ ಅಗ್ಗದ ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ 4-12×40. 3-9 ಎಂದರೆ ಚಿತ್ರ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗುತ್ತದೆ, 40 ಎಂದರೆ ಮುಂದಿನ ಗಾಜಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ಹೊಸಬರ ಕೈ ಮೊದಲು ಹೋಗುವುದು 12ರ ಕಡೆಗೆ. ಅಲ್ಲೇ ಎಡವುವುದು.

ಲೆಕ್ಕ ಸುಲಭ. ಮುಂದಿನ ಗಾಜಿನ ಅಗಲವನ್ನು ಜೂಮ್ ಸಂಖ್ಯೆಯಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. 40 ಮಿ.ಮೀ. ಗಾಜು 12 ಪಟ್ಟಿನಲ್ಲಿ 3.3 ಮಿ.ಮೀ., 9ರಲ್ಲಿ 4.4, 6ರಲ್ಲಿ 6.7. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ, ಐವತ್ತು ದಾಟಿದವರದು 5ರ ಆಚೀಚೆ. ಮುಸ್ಸಂಜೆಯಲ್ಲಿ 12ಕ್ಕೆ ತಿರುಗಿಸಿದವರಿಗೆ ದೊಡ್ಡದಾದ ಆದರೆ ಮಬ್ಬಾದ ಜಿಂಕೆ ಕಾಣುತ್ತದೆ. 6ರಲ್ಲಿ ಇಟ್ಟವರಿಗೆ ಚಿಕ್ಕದಾದರೂ ಕೊಂಬಿದೆಯೋ ಇಲ್ಲವೋ ತಿಳಿಯುವಷ್ಟು ಬೆಳಕಿನ ಜಿಂಕೆ. ಹಾಗಾದರೆ 50 ಮಿ.ಮೀ. ಗಾಜು ಇನ್ನೂ ಒಳ್ಳೆಯದಲ್ಲವೇ? ಬೆಳಕು ಹೆಚ್ಚು, ನಿಜ. ಆದರೆ ರಿಂಗ್ (ಸ್ಕೋಪನ್ನು ಕೋವಿಗೆ ಹಿಡಿದಿಡುವ ಬಳೆ) ಎತ್ತರವಾಗಬೇಕು, ಎತ್ತರವಾದರೆ ಕೆನ್ನೆ ಕೋವಿಯ ಹಿಡಿಮರಕ್ಕೆ ಒರಗುವುದಿಲ್ಲ, ಗಲ್ಲ ಎತ್ತಿ ಗುರಿ ಹಿಡಿಯಬೇಕು. ದಟ್ಟ ಕಾಡಿನಲ್ಲಿ ಇದು ನಷ್ಟದ ವ್ಯಾಪಾರ.

ಡೈಮಂಡ್‌ಬ್ಯಾಕ್‌ಗೆ ಅನ್ಯಾಯ ಮಾಡಬಾರದು. 4 ಪಟ್ಟಿನಲ್ಲಿ ಅದು ತೋರಿಸುವ ಅಗಲ 100 ಗಜದಲ್ಲಿ 32 ಅಡಿ ದಾಟುತ್ತದೆ, ಫ್ರೀಡಮ್ 3ರಲ್ಲಿ ತೋರಿಸುವುದು 33.7 ಅಡಿ. ಇದರಲ್ಲಿ ಸೋಲು-ಗೆಲುವಿಲ್ಲ. ಸೋಲುವುದು ಕಣ್ಣಿನ ಅಂತರದಲ್ಲಿ. ಪೂರ್ತಿ ಚಿತ್ರ ಕಾಣಬೇಕಾದರೆ ಹಿಂದಿನ ಗಾಜಿನಿಂದ ಕಣ್ಣು ಎಷ್ಟು ದೂರ ಇರಬೇಕು ಎನ್ನುವುದೇ ಐ ರಿಲೀಫ್. ಫ್ರೀಡಮ್‌ನದು 3ರಲ್ಲಿ 4.2 ಇಂಚು, 9ರಲ್ಲಿ 3.7, ಡೈಮಂಡ್‌ಬ್ಯಾಕ್ 4-12ರದು ಸುಮಾರು 3.1. ಹಗುರ .30-06 ಕೋವಿ ಹಿಂದಕ್ಕೆ ಒದ್ದಾಗ ಆ ಅರ್ಧ ಇಂಚೇ ಹುಬ್ಬನ್ನು ಕಾಯುವುದು. ದಿಣ್ಣೆಯ ಕಡೆಗೆ ಮೇಲ್ಮುಖವಾಗಿ ಗುರಿ ಹಿಡಿದರೆ ಮುಖ ತಾನಾಗಿ ಮುಂದೆ ಜರುಗುತ್ತದೆ. ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಆಗುವುದು ಹೆಚ್ಚಾಗಿ ಅಂಥ ಹೊತ್ತಿನಲ್ಲೇ. ತೂಕದಲ್ಲೂ ಫ್ರೀಡಮ್ ಮೇಲು: 12.2 ಔನ್ಸ್, ಎಂದರೆ ಸುಮಾರು 346 ಗ್ರಾಂ.

ರೆಟಿಕಲ್ ವಿಚಾರ, ಎಂದರೆ ಸ್ಕೋಪಿನೊಳಗೆ ಕಾಣುವ ಗುರಿಗೆರೆ. ಫ್ರೀಡಮ್‌ನ ಸಾದಾ ಡ್ಯೂಪ್ಲೆಕ್ಸ್, ಲೂಪೋಲ್ಡ್ 1962ರಲ್ಲಿ ತಂದದ್ದು: ಹೊರಗೆ ದಪ್ಪ ಕಡ್ಡಿ, ನಡುವೆ ಎಳೆಯಂಥ ಅಡ್ಡಗೆರೆ. ಕತ್ತಲ ಪೊದೆಯ ಮುಂದೆ ನಡುವಿನ ಎಳೆ ಕರಗಿಹೋಗುತ್ತದೆ, ಇದು ಈ ಸ್ಕೋಪಿನ ನಿಜವಾದ ಕೊರತೆ. ಒಳಗೆ ಬೆಳಗುವ ಚುಕ್ಕಿ ಈ ಮಾಡೆಲ್‌ನಲ್ಲಿ ಇಲ್ಲ. ಆಗ ನಾಲ್ಕು ದಪ್ಪ ಕಡ್ಡಿಗಳ ನಡುವಿನ ಖಾಲಿ ಜಾಗದಲ್ಲಿ ಜಿಂಕೆಯ ಎದೆಯನ್ನು ಕೂರಿಸಬೇಕು. ಡೈಮಂಡ್‌ಬ್ಯಾಕ್‌ನ ಡೆಡ್-ಹೋಲ್ಡ್ ಬಿ.ಡಿ.ಸಿ. (ಗುಂಡಿನ ಇಳಿತ ಸರಿದೂಗಿಸುವ) ರೆಟಿಕಲ್‌ನಲ್ಲಿ ದೂರದ ಹೊಡೆತಕ್ಕೆಂದು ಕೆಳಗೆ ಗೀಟುಗಳಿವೆ. ಅದು ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪ್, ಎಂದರೆ ಜೂಮ್ ಬದಲಿಸಿದರೂ ಗೀಟುಗಳು ಕಣ್ಣಿಗೆ ಅಷ್ಟೇ ಕಾಣುತ್ತವೆ, ಹಾಗಾಗಿ ಗೀಟುಗಳ ಅಳತೆ ಸರಿಯಿರುವುದು ಪೂರ್ತಿ ಜೂಮ್‌ನಲ್ಲಿ ಮಾತ್ರ. 6 ಪಟ್ಟಿನಲ್ಲಿಟ್ಟು 300 ಗಜದ ಗೀಟು ನಂಬಿದವರ ಗುಂಡು ಜಿಂಕೆಯ ಬೆನ್ನ ಮೇಲಿಂದ ಹೋಗುತ್ತದೆ.

ಇನ್ನು ಕೂರಿಸುವ ಕೆಲಸ. “ಸ್ಕೋಪ್ ಸರಿಯಿಲ್ಲ” ಎಂದು ವಾಪಸ್ಸು ಬರುವುದರಲ್ಲಿ ಬಹಳಷ್ಟು ಸರಿಯಿರುತ್ತವೆ, ರಿಂಗ್ ಸರಿಯಿರುವುದಿಲ್ಲ. ರಿಂಗಿಗೂ, ಅದರ ಕೆಳಗೆ ಕೋವಿಯ ಮೇಲೆ ಕೂರುವ ‘ಬೇಸ್’ ಪಟ್ಟಿಗೂ 50ರಿಂದ 70 ಡಾಲರ್ ಎತ್ತಿಡಿ. ಸ್ಕೋಪಿನ ಟ್ಯೂಬ್ ಒಂದು ಇಂಚಿನದು; 30 ಮಿ.ಮೀ. ರಿಂಗ್ ತಂದು ಪಟ್ಟಿ ಸುತ್ತಿ ಹೊಂದಿಸುವ ಸಾಹಸ ಬೇಡ.

ಕೋವಿ ಖಾಲಿಯಿದೆಯೇ ನೋಡಿ, ಬೋಲ್ಟ್ ತೆಗೆದಿಡಿ. ಬೇಸಿನ ಸ್ಕ್ರೂ ಮತ್ತು ತೂತುಗಳ ಎಣ್ಣೆಯನ್ನು ಆಲ್ಕೋಹಾಲಿನಿಂದ ಒರೆಸಿ, ಸ್ಕ್ರೂಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಎಲ್ಲಕ್ಕಿಂತ ಮುಂದಿನ ತೂತಿಗೆ ಉದ್ದದ ಸ್ಕ್ರೂ ಹಾಕಿದರೆ ಅದು ಒಳಗೆ ಇಳಿದು ಬೋಲ್ಟ್‌ಗೆ ತಾಗುತ್ತದೆ, ಆದ್ದರಿಂದ ಬಿಗಿದ ಮೇಲೆ ಬೋಲ್ಟ್ ಹಾಕಿ ಸಲೀಸಾಗಿ ಮುಚ್ಚುತ್ತದೆಯೇ ನೋಡಲೇಬೇಕು. ರಿಂಗನ್ನು ಬೇಸಿನ ತೋಡಿನಲ್ಲಿ ಮುಂದಕ್ಕೆ ಒತ್ತಿ ಹಿಡಿದು ಬಿಗಿಯಿರಿ: ಕೋವಿ ಹಿಂದಕ್ಕೆ ಹಾರಿದಾಗ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ಅಂದರೆ ಕೋವಿಯ ಮೇಲೆ ಮುಂದಕ್ಕೆ ಜಾರಲು ನೋಡುತ್ತದೆ. ಸ್ಕೋಪಿನ ಮುಂದಿನ ಅಗಲ ತುದಿಗೂ ನಳಿಗೆಗೂ ನಡುವೆ 2-3 ಮಿ.ಮೀ. ಸಂದು ಸಾಕು.

ಕಣ್ಣಿನ ಅಂತರ ಹೊಂದಿಸುವಾಗ ಜೂಮ್ 9ರಲ್ಲಿರಲಿ, ಏಕೆಂದರೆ ಅಲ್ಲಿ ಅಂತರವೂ ಕಡಿಮೆ, ಬೆಳಕಿನ ಬಿಲ್ಲೆಯೂ ಚಿಕ್ಕದು. ಮೈಮೇಲೆ ಬೇಟೆಗೆ ಹಾಕುವ ದಪ್ಪ ಜಾಕೆಟ್ಟೇ ಇರಬೇಕು. ಬರೀ ಟೀ-ಶರ್ಟಿನಲ್ಲಿ ಹೊಂದಿಸಿದ್ದು ಡಿಸೆಂಬರಿನಲ್ಲಿ ಉಪಯೋಗಕ್ಕೆ ಬಾರದು. ಕಣ್ಣು ಮುಚ್ಚಿ ಕೋವಿ ಹೆಗಲಿಗೆ ಕೊಟ್ಟು, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ಬಿಡಿ. ಅಂಚಿನಲ್ಲಿ ಕಪ್ಪು ಬಳೆ ಕಂಡರೆ ಸ್ಕೋಪನ್ನು ಸ್ವಲ್ಪ ಸ್ವಲ್ಪವೇ ಸರಿಸಿ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಿ. ಅಡ್ಡಗೆರೆ ಮಟ್ಟಕ್ಕೆ ಬಂದ ಮೇಲೆ ರಿಂಗಿನ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಎರಡೂ ಪಕ್ಕದ ಸಂದು ಸಮನಾಗಿ ಇರುವಂತೆ, 15ರಿಂದ 18 ಇಂಚ್-ಪೌಂಡ್‌ವರೆಗೆ (ಬಿಗಿಯುವ ಬಲ ಅಳೆಯುವ) ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಇಲ್ಲಿ ಲಾಕ್‌ಟೈಟ್ ಬೇಡ; ಸ್ಕ್ರೂ ನುಣುಪಾಗಿ ಅದೇ ಅಳತೆಗೆ ಇನ್ನೂ ಹೆಚ್ಚು ಬಿಗಿಯುತ್ತದೆ, ಟ್ಯೂಬ್ ಅದುಮಿಹೋಗುತ್ತದೆ. ಅದುಮಿದ ಟ್ಯೂಬಿನ ಲಕ್ಷಣ ಹೇಗಿರುತ್ತದೆ ಎಂದರೆ, ಗುರಿ ತಿದ್ದುವ ತಿರುಪಿನ ಕ್ಲಿಕ್ ತಿರುಗುತ್ತದೆ, ಗುಂಡು ಬೀಳುವ ಜಾಗ ಕದಲುವುದಿಲ್ಲ. ಎರಡು ಗುಂಡು ಹಾರಿಸಿದ ಮೇಲೆ ಒಮ್ಮೆಲೇ ಜಿಗಿಯುತ್ತದೆ. ಜೂಮ್ ಬಳೆ ಬಿಗಿಯಾಗುವುದೂ ಅದರಿಂದಲೇ.

ಶೂನ್ಯಕ್ಕೆ ತರುವಾಗ, ಎಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸುವಾಗ, ನೇರ 100 ಗಜಕ್ಕೆ ಹೋಗಿ ಡಬ್ಬಿಗಟ್ಟಲೆ ತೋಟಾ ಸುಡಬೇಡಿ. ಕಾಲು ಎಂಒಎ (ಮಿನಿಟ್ ಆಫ್ ಆಂಗಲ್, ಕೋನದ ಅಳತೆ) ಕ್ಲಿಕ್ ಅಂದರೆ 100 ಗಜದಲ್ಲಿ ಹತ್ತಿರ ಹತ್ತಿರ ಕಾಲು ಇಂಚು. 25 ಗಜದಲ್ಲಿ ಒಂದು ಇಂಚು ಸರಿಸಲು 16 ಕ್ಲಿಕ್ ಬೇಕು, 50 ಗಜದಲ್ಲಿ 8, 100ರಲ್ಲಿ 4. ಬೋಲ್ಟ್ ತೆಗೆದು ನಳಿಗೆಯೊಳಗಿಂದ ಗುರಿಹಲಗೆ ನೋಡಿ, ಅಡ್ಡಗೆರೆಯನ್ನು ಅಲ್ಲಿಗೇ ತಂದು, 25 ಗಜದಲ್ಲಿ ಒಂದೇ ಗುಂಡು. ಎರಡು ಇಂಚು ಕೆಳಗೆ ಬಿತ್ತೇ, 32 ಕ್ಲಿಕ್ ಮೇಲಕ್ಕೆ. ಅಲ್ಲಿ ನಡುವಿಗೆ ಬಂದರೆ 100 ಗಜದ ಹಾಳೆಯ ಮೇಲೆ ಎಲ್ಲೋ ಒಂದೆಡೆ ಬಿದ್ದೇ ಬೀಳುತ್ತದೆ. ಮುಂದೆ ಮೂರು ಮೂರು ಗುಂಡಿನ ಗುಂಪು ನೋಡಿ ತಿದ್ದಿ, ಒಂಟಿ ಗುಂಡನ್ನು ನಂಬಿ ಅಲ್ಲ. ಪ್ರತಿ ಗುಂಪಿನ ನಡುವೆ ನಳಿಗೆ ತಣ್ಣಗಾಗಲಿ. .308ರ 150 ಗ್ರೇನ್ ತೂಕದ ಗುಂಡನ್ನು 100 ಗಜದಲ್ಲಿ ಸುಮಾರು 2 ಇಂಚು ಮೇಲೆ ಬೀಳುವಂತೆ ಇಟ್ಟರೆ 200 ಗಜದಲ್ಲಿ ನಡುವಿಗೆ ಬರುತ್ತದೆ, 300ರಲ್ಲಿ 8-9 ಇಂಚು ಇಳಿಯುತ್ತದೆ. ಜಿಂಕೆಯ ಎದೆಗೆ 200 ಗಜದವರೆಗೆ ಗೆರೆ ಎತ್ತುವ ಯೋಚನೆಯೇ ಬೇಡ.

ಪ್ಯಾರಲಾಕ್ಸ್, ಎಂದರೆ ಕಣ್ಣು ಕದಲಿದರೆ ಅಡ್ಡಗೆರೆಯೂ ಗುರಿಯ ಮೇಲೆ ಕದಲಿದಂತೆ ಕಾಣುವುದು, ಇಲ್ಲದಂತೆ 150 ಗಜಕ್ಕೆ ಕಾರ್ಖಾನೆಯಲ್ಲೇ ಕಟ್ಟಿಹಾಕಿದ್ದಾರೆ, ಬದಲಿಸಲಾಗದು. ಬೇಟೆಯ ದೂರಕ್ಕೆ ಇದರಿಂದ ತೊಂದರೆಯಿಲ್ಲ. ಬೆಂಗಳೂರಿನಲ್ಲಿ ಹತ್ತು ಮೀಟರಿನ ಏರ್‌ಗನ್‌ಗೆ ಸ್ಕೋಪ್ ಹುಡುಕುವವರಿಗೆ ಮಾತ್ರ ಇದು ಪೂರ್ತಿ ತಪ್ಪು ಆಯ್ಕೆ: ಚಿತ್ರ ಮಸುಕು, ಅದರ ಮೇಲೆ ಸ್ಪ್ರಿಂಗ್ ಏರ್‌ಗನ್ ಹಿಂದೆ-ಮುಂದೆ ಎರಡೂ ಕಡೆ ಒದೆಯುವುದರಿಂದ ಅದಕ್ಕೆಂದೇ ಮಾಡಿದ ಸ್ಕೋಪ್ ಬೇಕು. ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡಿಡುವ ಪಂದ್ಯಕ್ಕಂತೂ ಸ್ಕೋಪಿನ ಮಾತೇ ಇಲ್ಲ, ಭಾರತದಲ್ಲಿ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯೇ ಬಾಗಿಲು ಹಾಕಿದೆ. ಅಮೆರಿಕದಿಂದ ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳುವ ಆಸೆಯೂ ಬೇಡ, ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿದೆ. ಎಚ್-1ಬಿ ವೀಸಾದಲ್ಲಿರುವವರು ಇನ್ನೊಂದು ತಿಳಿದಿರಬೇಕು: ಅಂಥ ವೀಸಾದವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ. ಲೈಸೆನ್ಸಿನ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು.

ಹಳೆಯದನ್ನು ಕೊಳ್ಳುವುದು ಜಾಣತನ. ಲೂಪೋಲ್ಡ್, ವೋರ್ಟೆಕ್ಸ್ ಎರಡೂ ಕಂಪನಿಗಳ ಜೀವಮಾನದ ಗ್ಯಾರಂಟಿ ಸ್ಕೋಪಿಗೇ ಹೊರತು ಕೊಂಡವರಿಗಲ್ಲ. ರಸೀದಿ ಕೇಳುವುದಿಲ್ಲ, ಎಷ್ಟನೇ ಮಾಲೀಕರೆಂದೂ ಕೇಳುವುದಿಲ್ಲ. ನಕಲಿಗೆ ಮಾತ್ರ ಅದು ಸಿಗದು, ಲೂಪೋಲ್ಡ್ ಹೆಸರಿನ ನಕಲಿಗಳು ಮಾರುಕಟ್ಟೆಯಲ್ಲಿವೆ. ಅರ್ಧ ಬೆಲೆಗೆ ‘ಹೊಚ್ಚ ಹೊಸದು’ ಎಂದರೆ ದೂರ ಇರಿ, ಸೀರಿಯಲ್ ನಂಬರನ್ನು ಕಂಪನಿಗೆ ಕೇಳಿ. ಕೈಗೆ ಬಂದ ಹಳೆಯ ಸ್ಕೋಪಿನಲ್ಲಿ ರಿಂಗ್ ಕಚ್ಚಿದ ಗುರುತು ಆಳವಾಗಿದೆಯೇ, ಗಾಜಿನ ಲೇಪ ಗೀಚಿದೆಯೇ, ಮೆಲ್ಲಗೆ ಅಲುಗಿಸಿದರೆ ಒಳಗೆ ಸದ್ದಾಗುತ್ತದೆಯೇ ನೋಡಿ. ಆಮೇಲೆ ರೇಂಜಿನಲ್ಲಿ ಚೌಕದ ಪರೀಕ್ಷೆ: ಒಂದು ಗುಂಡು, 20 ಕ್ಲಿಕ್ ಮೇಲೆ, ಇನ್ನೊಂದು, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ. ಐದನೆಯ ಗುಂಡು ಮೊದಲನೆಯದರ ಪಕ್ಕದಲ್ಲೇ ಬಿದ್ದರೆ ದುಡ್ಡು ಕೊಡಿ.