ಮಿರರ್ಸ್ ಎಡ್ಜ್ ಆಡಬೇಕಾ, ಕ್ಯಾಟಲಿಸ್ಟ್ ಆಡಬೇಕಾ?

2008ರ ಮಿರರ್ಸ್ ಎಡ್ಜ್, 2016ರ ಮಿರರ್ಸ್ ಎಡ್ಜ್ ಕ್ಯಾಟಲಿಸ್ಟ್ ಎರಡೂ ವಿಡಿಯೋ ಗೇಮ್‌ಗಳು. ಎರಡನ್ನೂ ಒಂದೇ ಪಿಸಿಯಲ್ಲಿ, ಒಂದೇ ಕಂಟ್ರೋಲರ್‌ನಲ್ಲಿ ಒಂದರ ಹಿಂದೆ ಒಂದು ಆಡಿ ಮುಗಿಸಿದೆ. ಎರಡೂ ಸ್ವೀಡನ್ನಿನ ಡೈಸ್ ಸ್ಟುಡಿಯೋದವು. ಎರಡರಲ್ಲೂ ನಾಯಕಿ ಫೇತ್ ಕಾನರ್ಸ್. ಎಲ್ಲರ ಮೇಲೂ ಕಣ್ಣಿಟ್ಟ ನಗರದಲ್ಲಿ ತಾರಸಿಯಿಂದ ತಾರಸಿಗೆ ಹಾರಿ ಪೊಟ್ಟಣ ತಲುಪಿಸುವ ರನ್ನರ್ ಅವಳು. ಎಂಟು ವರ್ಷ ತಡವಾಗಿ ಬಂದದ್ದೇ ಚೆನ್ನಾಗಿರಬೇಕು ಅಲ್ವಾ? ನನಗೆ ಹಳೆಯದೇ ಹೆಚ್ಚು ಹಿಡಿಸಿತು. ಕಾರಣ ಓಟದಲ್ಲೇ ಇದೆ.

ಹಳೆ ಗೇಮ್‌ನಲ್ಲಿ ವೇಗಕ್ಕೆ ಅಂತ ಬೇರೆ ಬಟನ್ ಇಲ್ಲ. ಓಡುತ್ತಾ ಹೋದಂತೆ ವೇಗ ತಾನಾಗಿ ಏರುತ್ತದೆ, ಎಲ್ಲಾದರೂ ತಡವರಿಸಿದರೆ ಅಷ್ಟೂ ಹೋಯಿತು. ಕಂಟ್ರೋಲರ್‌ನ ಎಡ ಅಂಚಿನಲ್ಲಿ ತೋರುಬೆರಳಿಗೆ ಸಿಗುವ ಎರಡು ಬಟನ್‌ಗಳಲ್ಲಿ ಮೇಲಿನದು ಒತ್ತಿದರೆ ಹಾರುವುದು, ಹತ್ತುವುದು. ಅದರ ಕೆಳಗಿನದು ಒತ್ತಿದರೆ ಬಗ್ಗುವುದು, ಜಾರುವುದು. ಹೆಚ್ಚುಕಡಿಮೆ ಇಷ್ಟರಲ್ಲೇ ಇಡೀ ಓಟ ನಡೆಯುತ್ತದೆ. ಎತ್ತರದಿಂದ ಹಾರಿದಾಗ ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಕೆಳಗಿನ ಬಟನ್ ಒತ್ತಬೇಕು. ಆಗ ಫೇತ್‌ಳ ಕಣ್ಣಿನಂತಿರುವ ಕ್ಯಾಮೆರಾ ಒಂದು ಸುತ್ತು ಉರುಳುತ್ತದೆ, ಕೈ ನೆಲಕ್ಕೆ ತಾಗಿದ್ದು ಕಾಣುತ್ತದೆ, ವೇಗ ಹಾಗೇ ಉಳಿಯುತ್ತದೆ. ಚೂರು ತಡವಾದರೆ ಧಪ್ಪನೆ ಬಿದ್ದು, ಏದುಸಿರು ಬಿಡುತ್ತಾ ಮತ್ತೆ ಮೊದಲಿಂದ ವೇಗ ಕಟ್ಟಬೇಕು. ಆ ಲೆಕ್ಕಾಚಾರ ಕೈಗೆ ಹತ್ತಿದ ಮೇಲೆ ಪ್ರತಿ ಹಾರಿಕೆಯೂ ನಮ್ಮದೇ ಅನ್ನಿಸುತ್ತದೆ.

ಕ್ಯಾಟಲಿಸ್ಟ್‌ನಲ್ಲಿ ಶಿಫ್ಟ್ ಅನ್ನುವ ಬಟನ್ ಇದೆ. ಒತ್ತಿದ ತಕ್ಷಣ ಫೇತ್ ಮುಂದಕ್ಕೆ ಚಿಮ್ಮುತ್ತಾಳೆ. ಓಟ ನುಣುಪಾಗಿದೆ, ಕೈ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಆದರೆ ವೇಗ ಇಷ್ಟು ಸುಲಭಕ್ಕೆ ಸಿಕ್ಕಿದರೆ ಅದನ್ನು ಕಾಪಾಡಿಕೊಳ್ಳುವ ಆತಂಕ ಎಲ್ಲಿಂದ ಬರಬೇಕು? ಇನ್ನೊಂದು ವಿಷಯಕ್ಕಂತೂ ಸಿಟ್ಟೇ ಬಂತು. ಹಳೆಯದರಲ್ಲಿ ಶುರುವಿನಿಂದಲೇ ಇದ್ದ ಉರುಳಾಟವನ್ನು ಇಲ್ಲಿ ಪಾಯಿಂಟ್ ಕೊಟ್ಟು ಅನ್‌ಲಾಕ್ ಮಾಡಿಕೊಳ್ಳಬೇಕು. ಪಾರ್ಕೋರ್, ಅಂದರೆ ಅಡೆತಡೆಗಳನ್ನು ಹಾರಿ, ಹತ್ತಿ ಓಡುವ ಗೇಮ್‌ನಲ್ಲಿ ಉರುಳುವುದು ಬಹುಮಾನ ಆಗಬಾರದು.

ನೋಟದಲ್ಲಿ ಹಳೆಯದಕ್ಕೆ ವಯಸ್ಸೇ ಆಗಿಲ್ಲ. ಬೆಳಕು, ನೆರಳನ್ನೆಲ್ಲ ಮೊದಲೇ ಲೆಕ್ಕ ಹಾಕಿ ಲೆವೆಲ್‌ಗಳಲ್ಲಿ ಅಚ್ಚೊತ್ತಿದ್ದಾರೆ. ಕಿತ್ತಳೆ ಗೋಡೆಗೆ ಬಿಸಿಲು ಬಿದ್ದರೆ ಪಕ್ಕದ ಬಿಳಿ ಗೋಡೆಯೂ ಸ್ವಲ್ಪ ಕಿತ್ತಳೆಯಾಗುತ್ತದೆ. ಮರಗಳೂ ಬಿಳಿ. ಅಂಥ ಊರಲ್ಲಿ ಒಂದು ಕೆಂಪು ಪೈಪ್ ಕಂಡರೆ ಸಾಕು, ದಾರಿ ಗೊತ್ತಾಯಿತು. ಕ್ಯಾಟಲಿಸ್ಟ್‌ನ ಕಥೆ ನಡೆಯುವ ಗ್ಲಾಸ್ ಎಂಬ ನಗರ ದೊಡ್ಡದು, ಎಲ್ಲಿ ಬೇಕಾದರೂ ಓಡಬಹುದು. ಆದರೆ ಅಲ್ಲಿನ ಹೊಳಪಿನ ನಡುವೆ ನಾನು ದಾರಿ ಹುಡುಕುವುದನ್ನು ಬಿಟ್ಟು, ಮುಂದೆ ಓಡುವ ಕೆಂಪು ಗೆರೆಯನ್ನೇ ಹಿಂಬಾಲಿಸಿದೆ. ಒಂದು ಮಿಷನ್‌ನಿಂದ ಇನ್ನೊಂದಕ್ಕೆ ಅದೇ ತಾರಸಿಗಳನ್ನು ಮತ್ತೆ ಮತ್ತೆ ದಾಟಬೇಕು. ಹಳೆಯದರ ಮಳೆನೀರಿನ ಸುರಂಗ, ಅದರಾಚೆಯ ಆಳವಾದ ದೊಡ್ಡ ಗುಂಡಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗ್ಲಾಸ್‌ನಲ್ಲಿ ಹಾಗೆ ನೆನಪಲ್ಲಿ ಉಳಿದ ಜಾಗಗಳು ಕಡಿಮೆ.

ಹೊಡೆದಾಟದಲ್ಲಿ ಕ್ಯಾಟಲಿಸ್ಟ್ ಗೆಲ್ಲುತ್ತದೆ, ಅನುಮಾನವೇ ಬೇಡ. ಹಳೆಯದರಲ್ಲಿ ಪೊಲೀಸರ ಬಂದೂಕು ಕಿತ್ತುಕೊಂಡು ಸುಡಬಹುದು, ಆದರೆ ಆ ಗುಂಡಿನ ಕಾಳಗ ಸಪ್ಪೆ. ಭಾರದ ಬಂದೂಕು ಹಿಡಿದರೆ ಓಟವೂ ನಿಧಾನ. ಕೊನೆಯ ಅಧ್ಯಾಯಗಳಲ್ಲಿ ಇದು ಜಾಸ್ತಿಯಾಗಿ ಬೇಸರ ತರಿಸುತ್ತದೆ. ಹೊಸದರಲ್ಲಿ ಫೇತ್ ಬಂದೂಕು ಮುಟ್ಟುವುದೇ ಇಲ್ಲ. ಓಡುತ್ತಲೇ ಇದ್ದರೆ ಗುಂಡು ತಗಲುವುದಿಲ್ಲ, ಗೋಡೆಯಿಂದ ಹಾರಿ ಒದ್ದು ಹಾಗೇ ಮುಂದೆ ಹೋಗಬಹುದು. ಕಥೆ ಎರಡರಲ್ಲೂ ಸುಮಾರು. ಹಳೆಯದರ ಅಧ್ಯಾಯಗಳ ನಡುವೆ ಬರುವ ಕಾರ್ಟೂನ್ ದೃಶ್ಯಗಳು ಮಾತ್ರ ಈಗ ತೀರಾ ಹಳತಾಗಿ ಕಾಣುತ್ತವೆ.

ಈಗಿನ ಪಿಸಿಯಲ್ಲಿ ಹಳೆಯದನ್ನು ಹಾಕಿದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಫಿಸಿಎಕ್ಸ್ (ಒಡೆಯುವ ಗಾಜಿನಂಥವುಗಳ ಚಲನೆ ಲೆಕ್ಕ ಹಾಕುವ ಸೌಲಭ್ಯ) ಆಫ್ ಮಾಡಿ. ಇಲ್ಲದಿದ್ದರೆ ಗಾಜು ಒಡೆಯುವ ಕಡೆಯೆಲ್ಲ ಗೇಮ್ ತೆವಳಬಹುದು. ತಲೆ ಸುತ್ತುವವರು ಪರದೆಯ ನಡುವಿನ ಚಿಕ್ಕ ಚುಕ್ಕಿಯನ್ನು ತೆಗೆಯಬೇಡಿ, ಅದನ್ನು ಇಟ್ಟಿರುವುದೇ ಅದಕ್ಕೆ.

ಎರಡರ ಆನ್‌ಲೈನ್ ಸೇವೆಯೂ 2023ರಲ್ಲಿ ನಿಂತುಹೋಯಿತು. ಇದರ ಪೆಟ್ಟು ಕ್ಯಾಟಲಿಸ್ಟ್‌ಗೇ ಹೆಚ್ಚು. ಆಟಗಾರರು ತಾವೇ ಮಾಡಿ ಹಂಚಿಕೊಳ್ಳುತ್ತಿದ್ದ ಟೈಮ್ ಟ್ರಯಲ್‌ಗಳು, ಅಂದರೆ ಗಡಿಯಾರದ ಜೊತೆ ಪೈಪೋಟಿಯ ಓಟಗಳು, ಅದರ ಜೀವಾಳವಾಗಿದ್ದವು. ಹಳೆಯದರ ಟೈಮ್ ಟ್ರಯಲ್‌ಗಳು ಗೇಮ್‌ನೊಳಗೇ ಇವೆ. ಒಂದೊಂದಕ್ಕೂ ಮೂರು ಸ್ಟಾರ್, ನಮ್ಮ ಸಮಯದ ಜೊತೆ ನಮ್ಮದೇ ಪೈಪೋಟಿ. ಕಥೆ ಮುಗಿಸಿದವರು ಗೇಮ್ ಅಳಿಸಿಬಿಡಬೇಡಿ. ಪ್ಲೇಗ್ರೌಂಡ್ ಒನ್ ಎಂಬ ಟೈಮ್ ಟ್ರಯಲ್‌ನಿಂದ ಶುರು ಮಾಡಿ, ಮೂರನೇ ಸ್ಟಾರ್ ಬರುವವರೆಗೂ ಬಿಡಬೇಡಿ.