ಗಂಧದ ಕೆತ್ತನೆಯೋ, ಹಸೆ ಚಿತ್ತಾರವೋ?

ಮಲೆನಾಡಿನ ಕುಶಲಕಲೆಯೊಂದನ್ನು ಪಟ್ಟುಹಿಡಿದು ಕಲಿಯಬೇಕೆನ್ನುವವರ ಮುಂದೆ ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ಹಾಗೂ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಎಂಬ ಎರಡು ದಾರಿಗಳಿವೆ. ಕೆತ್ತನೆಯಲ್ಲಿ ಮರದ ಎಳೆಯ ಓಟವನ್ನು ಗಮನಿಸದೆ ಉಳಿಯ ಮೇಲೆ ಒಂದು ಪೆಟ್ಟು ಹೆಚ್ಚು ಬಿದ್ದರೂ ಬಳ್ಳಿಯ ತುದಿ ಹಾರಿಹೋಗುತ್ತದೆ. ಗಂಧವೋ ತೂಕದ ಲೆಕ್ಕದಲ್ಲಿ ಕೊಳ್ಳಬೇಕಾದ ದುಬಾರಿ ಮರವಾದ್ದರಿಂದ, ಹೊಸಬರು ಅಗ್ಗದ ಮರದಲ್ಲಿ ಒಂದೇ ಹೂವನ್ನು ತಿಂಗಳುಗಟ್ಟಲೆ ಕೆತ್ತಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಚಿತ್ತಾರಕ್ಕೆ ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ ಸಾಕು. ಖರ್ಚು ಕಡಿಮೆಯೆಂದು ಸುಲಭವೆಂದುಕೊಳ್ಳಬಾರದು, ಗೆರೆ ಅಳುಕಿದ್ದು ಅಂಗಳದಿಂದಲೇ ಕಾಣುತ್ತದೆ. ಮನೆ, ತೋಟದ ಕೆಲಸದ ನಡುವೆ ದಿನಕ್ಕೊಂದು ಗಂಟೆಯಷ್ಟೇ ಸಿಗುವವರಿಗೆ ನಾನು ಚಿತ್ತಾರವನ್ನೇ ಸೂಚಿಸುತ್ತೇನೆ. ಕೆತ್ತನೆಗೆ ಅಷ್ಟು ಬಿಡುವು ಉಳಿ ಮಸೆಯುವುದಕ್ಕೇ ಸಾಲದು.